ಬಸ್ಸಿನ ಎಲುಬಿಗೆ ಹಿಡಿದ ತುಕ್ಕು

ಬಸ್ಸಿನ ಹಿಂದಿನ ಬಾಗಿಲು ಸರಿಯಾಗಿ ಕೂರುತ್ತಿಲ್ಲ ಅಂತ ಮೊದಲು ಹೇಳಿದ್ದು ನನ್ನ ಹೆಂಡತಿ. ಆಗಸ್ಟ್ ತಿಂಗಳು, ಮಳೆ ಎಡೆಬಿಡದೆ ಸುರಿಯುತ್ತಿತ್ತು. "ಇದನ್ನು ಸ್ವಲ್ಪ ಎತ್ತಿ ಹಾಕಬೇಕಾಗ್ತದೆ ನೋಡಿ. ಹೋದ ವರ್ಷ ಹೀಗಿರಲಿಲ್ಲ" ಅಂದಳು. ನಾನು ಬಿಜಾಗರಿಗೆ ಎರಡು ಹನಿ ಎಣ್ಣೆ ಬಿಟ್ಟು ಸುಮ್ಮನಾದೆ. ವಾರ ಕಳೆದು ಸ್ನಾನದ ಮೂಲೆಯ ಹತ್ತಿರ ಕಾಲಿಟ್ಟಾಗ ನೆಲದ ಪ್ಲೈವುಡ್ ಮೆತ್ತಗೆ ತಗ್ಗಿತು. ಬಿಜಾಗರಿಯದ್ದೇನೂ ತಪ್ಪಿರಲಿಲ್ಲ. ಬಾಗಿಲನ್ನು ಹೊತ್ತುಕೊಂಡಿದ್ದ ಕಬ್ಬಿಣದ ಚೌಕಟ್ಟೇ ಇಳಿದುಹೋಗಿತ್ತು.

ನಮ್ಮದು ಹಳೆಯ ಮಿನಿ ಬಸ್. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ನಿವೃತ್ತಿಯಾದ ಮೇಲೆ ಅದನ್ನು ಕೊಂಡು, ಸೀಟೆಲ್ಲ ಕಿತ್ತು, ಮಂಚ, ಸಣ್ಣ ಅಡುಗೆಕಟ್ಟೆ, ಸ್ನಾನಕ್ಕೊಂದು ಮೂಲೆ, 100 ಲೀಟರಿನ ನೀರಿನ ಟ್ಯಾಂಕು ಮಾಡಿಸಿದೆವು. ಅದರಲ್ಲೇ ಹಂಪಿಗೆ ಹೋದೆವು, ಬಾದಾಮಿಗೆ ಹೋದೆವು. ಕರಾವಳಿ ಹಿಡಿದು ಗೋಕರ್ಣದವರೆಗೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಮನೆ ಇರುವುದು ಮಲ್ಪೆಯ ಹತ್ತಿರ. ರಾತ್ರಿ ಊರು ಮಲಗಿದ ಮೇಲೆ ಸಮುದ್ರದ ಮೊರೆತ ಕೇಳಿಸುವಷ್ಟು ಹತ್ತಿರ. ಅಂಥ ಜಾಗದಲ್ಲಿ ಕಬ್ಬಿಣ ಬಾಳುವುದು ಕಷ್ಟ ಅಂತ ಗೊತ್ತಿದ್ದೂ ಬಸ್ಸಿನ ಹೊಟ್ಟೆಯ ಕೆಳಗೆ ನಾನು ಸರಿಯಾಗಿ ಕಣ್ಣು ಹಾಯಿಸಿರಲಿಲ್ಲ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ದೀಪಾವಳಿ ಮುಗಿಯುವವರೆಗೆ ಕಾದೆವು. ಮಲ್ಪೆಯಲ್ಲಿ ಕಬ್ಬಿಣದ ಬೋಟುಗಳ ಕೆಲಸ ಮಾಡಿ ಕೈ ಪಳಗಿದ ಒಬ್ಬರು ವೆಲ್ಡಿಂಗ್ ಮೇಸ್ತ್ರಿ ಪರಿಚಯದವರು. ಅವರನ್ನೇ ಕರೆದೆ. ಬಂದವರು ಟಾರ್ಚನ್ನೂ ಕೇಳಲಿಲ್ಲ. ಒಂದು ಸಣ್ಣ ಸುತ್ತಿಗೆ ಹಿಡಿದು ಬಸ್ಸಿನಡಿ ಮಲಗಿದರು.

"ಮಾಷ್ಟ್ರೆ, ನೋಡಿದ್ರೆ ಎಂತದೂ ಗೊತ್ತಾಗುದಿಲ್ಲ. ಬಡಿದು ಕೇಳ್ಬೇಕು."

ಗಟ್ಟಿ ಇದ್ದಲ್ಲಿ ಸುತ್ತಿಗೆ ಟಣ್ ಅಂತು. ತಿಂದುಹೋದಲ್ಲಿ ದಪ್ ಅಂತು. ನಾನು ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ಕೂತೆ. ಟಣ್ ಅಂದಲ್ಲಿ ಬಿಟ್ಟೆ, ಅನುಮಾನ ಬಂದಲ್ಲಿ ಸುತ್ತು ಹಾಕಿದೆ, ದಪ್ ಅಂದಲ್ಲಿ ಕತ್ತರಿ ಗುರುತು ಎಳೆದೆ. ಹಿಂದಿನ ಗಾಲಿಯ ಹಿಂಭಾಗಕ್ಕೆ ಬರುವಾಗ ಬರೀ ಕತ್ತರಿ ಗುರುತುಗಳೇ. ಮೇಸ್ತ್ರಿ ಒಂದು ಕಡೆ ಸ್ಕ್ರೂಡ್ರೈವರ್ ಒತ್ತಿದರು. ಹಣ್ಣಾದ ಪಪ್ಪಾಯಿಗೆ ಹೋದ ಹಾಗೆ ಹಿಡಿಯವರೆಗೆ ಒಳಗೆ ಹೋಯಿತು. ಹೊರಗಡೆ ಅದೇ ಕಂಬಿಯ ಮೇಲೆ ಕಪ್ಪು ಬಣ್ಣ ಹೊಸದರ ಹಾಗೆ ಹೊಳೆಯುತ್ತಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಇಂಥ ಬಸ್ಸಿಗೆ ಎರಡು ಎಲುಬುಗೂಡು. ಕೆಳಗಿನದು ಚಾಸಿ. ಮುಂದಿನಿಂದ ಹಿಂದಿನವರೆಗೆ ಓಡುವ ಎರಡು ದಪ್ಪ ಉಕ್ಕಿನ ಚಾನೆಲ್‌ಗಳು, ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಪಟ್ಟಿಗಳು. ಇಂಜಿನ್, ಆಕ್ಸಲ್, ಸ್ಪ್ರಿಂಗ್ ಎಲ್ಲ ಅದಕ್ಕೇ. ಮೇಲಿನದು ಬಾಡಿ ಕಟ್ಟುವವರು ಮಾಡಿದ ಗೂಡು. ಚಾಸಿಯ ಮೇಲೆ ಅಡ್ಡ ತೊಲೆಗಳನ್ನು ಯು ಬೋಲ್ಟಿನಿಂದ ಬಿಗಿದು, ಅದರ ಮೇಲೆ ಚೌಕ ಪೈಪುಗಳ ಕಂಬ ನಿಲ್ಲಿಸಿ, ಹೊರಗೆ ಅಲ್ಯೂಮಿನಿಯಂ ತಗಡು ಹೊಡೆದಿರುತ್ತಾರೆ. ಚಾಸಿಯ ಉಕ್ಕು ದಪ್ಪ, ಬಾಯಿ ತೆರೆದದ್ದು. ತುಕ್ಕು ಬಂದರೂ ಕಣ್ಣಿಗೆ ಕಾಣುತ್ತದೆ. ಬಾಡಿಯ ಪೈಪು 2 ಮಿಲಿಮೀಟರ್ ದಪ್ಪ, ಒಳಗೆ ಟೊಳ್ಳು. ಅದು ಒಳಗಿನಿಂದ ಹೊರಗೆ ಸಾಯುತ್ತದೆ. ಹೊರಗೆ ಗುಳ್ಳೆ ಎದ್ದು ನಮಗೆ ಕಾಣುವ ಹೊತ್ತಿಗೆ ಮುಗಿದಿರುತ್ತದೆ.

ನಮ್ಮ ಅದೃಷ್ಟಕ್ಕೆ ಚಾಸಿಯ ಮೇಲೆ ತೆಳು ತುಕ್ಕು ಮಾತ್ರ ಇತ್ತು. ಹೋದದ್ದು ಬಾಡಿಯ ಹಿಂಭಾಗ. ಮೂರು ಅಡ್ಡ ತೊಲೆ, ಬಾಗಿಲಿನ ಎರಡು ಕಂಬಗಳ ಬುಡ, ಎಡಗಡೆಯ ಉದ್ದ ಪೈಪು.

ಒಳಗಿನ ಸಾಮಾನೆಲ್ಲ ಇಳಿಸಿ ಪ್ಲೈವುಡ್ ಎಬ್ಬಿಸಿದೆವು. ಎಡಗಡೆಯ ಉದ್ದ ಪೈಪಿಗೆ ಮೇಸ್ತ್ರಿ ಕಟ್ಟಿಂಗ್ ವೀಲ್ ಇಟ್ಟರು. ಪೈಪಿನ ತಳ ತುಂಡಾದ ಕೂಡಲೇ ಒಳಗಿನಿಂದ ಕಷಾಯದ ಬಣ್ಣದ ನೀರು ಸುರಿಯಿತು. ಒಂದು ಚೊಂಬಿನಷ್ಟಾದರೂ ಇತ್ತು. ಹನ್ನೆರಡು ದಿನದಿಂದ ಊರಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ನೀರಿನ ಹಿಂದೆ ತುಕ್ಕಿನ ಚೂರುಗಳು ಬಂದವು. ಚಿರೋಟಿಯ ಹಾಗೆ ಪದರ ಪದರ. ಕೈಯಲ್ಲಿ ಹಿಡಿದರೆ ಪುಡಿ. ನಾನು ಆ ಚೂರುಗಳನ್ನು ಕಾಗದದ ಮೇಲೆ ಹರಡಿಕೊಂಡು ಸುಮಾರು ಹೊತ್ತು ನೋಡಿದೆ.

ತುಕ್ಕಿಗೆ ಗಾಳಿ ಬೇಕು, ನೀರು ಬೇಕು ಅಂತ ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದೇನೆ. ಮೂರು ಪ್ರನಾಳ, ಮೂರು ಮೊಳೆ. ಒಂದರಲ್ಲಿ ನೀರು ಮತ್ತು ಗಾಳಿ. ಇನ್ನೊಂದರಲ್ಲಿ ಕುದಿಸಿದ ನೀರು, ಮೇಲೆ ಎಣ್ಣೆ. ಮೂರನೆಯದರಲ್ಲಿ ಒಣ ಗಾಳಿ. ಮೊದಲನೆಯ ಮೊಳೆಗೆ ಮಾತ್ರ ತುಕ್ಕು. ಆ ಪೈಪು ಮೊದಲನೆಯ ಪ್ರನಾಳವೇ ಆಗಿತ್ತು. ಅದಕ್ಕೆ ಉಪ್ಪೂ ಸೇರಿತ್ತು. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ತುಕ್ಕಿನ ಓಟ ಜಾಸ್ತಿಯಾಗುತ್ತದೆ. ಇನ್ನೊಂದು ಕೆಟ್ಟ ಗುಣವೂ ಉಪ್ಪಿಗಿದೆ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲವಿಡೀ ಅದಕ್ಕಿಂತ ಮೇಲೆಯೇ. ಅಂದರೆ ಮಳೆಯ ನೀರು ತಾಗದಿದ್ದರೂ ಉಪ್ಪು ಕೂತ ಕಬ್ಬಿಣ ಒದ್ದೆಯಾಗಿಯೇ ಇರುತ್ತದೆ.

ಉಪ್ಪು ಬಂದದ್ದು ಎಲ್ಲಿಂದ? ಗಾಳಿಯಿಂದ ಅಂತ ನಾನು ತಿಳಿದಿದ್ದೆ. ಅದೂ ಹೌದು. ಆದರೆ ಮೇಸ್ತ್ರಿ ತೋರಿಸಿದ್ದು ಗಾಲಿಯ ಮೇಲಿನ ಅಂಚನ್ನು. ಅಲ್ಲಿ ಎರಡು ಬೆರಳು ದಪ್ಪದ ಕೆಸರು ಗಟ್ಟಿಯಾಗಿ ಕೂತಿತ್ತು. ಮಂಗಳೂರಿನಿಂದ ಕಾರವಾರದ ಕಡೆ ಹೋಗುವ 66ನೇ ಹೆದ್ದಾರಿಯಲ್ಲಿ ಮೀನಿನ ಲಾರಿಗಳ ಹಿಂದೆ ಹೋದವರಿಗೆ ಗೊತ್ತು. ಮಂಜುಗಡ್ಡೆ ಕರಗಿ ಉಪ್ಪುನೀರು ರಸ್ತೆಯುದ್ದಕ್ಕೂ ಸೋರುತ್ತಿರುತ್ತದೆ. ನಮ್ಮ ಗಾಲಿ ಅದನ್ನು ಎತ್ತಿ ಬಸ್ಸಿನ ಹೊಟ್ಟೆಗೆ ಎರಚುತ್ತದೆ. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಅಲ್ಲಿ ಬಸ್ಸು ನಿಲ್ಲಿಸಿ ರಾತ್ರಿ ಕಳೆಯುವುದು ನಮಗಿಬ್ಬರಿಗೂ ಪ್ರಾಣ. ಬೆಳಿಗ್ಗೆ ಗಾಜಿನ ಮೇಲೆ ಕೈಯಾಡಿಸಿದರೆ ಉಪ್ಪಿನ ಅಂಟು ಸಿಗುತ್ತದೆ. ಗಾಜು ಒರೆಸಿದೆವು, ಹೊಟ್ಟೆ ತೊಳೆಯಲಿಲ್ಲ.

ನೀರು ಒಳಗೆ ಹೋದದ್ದು ಮೂರು ಕಡೆಯಿಂದ. ಸ್ನಾನದ ತಟ್ಟೆಯ ಕೆಳಗಿನ ಪೈಪಿನ ಜಾಯಿಂಟು ಹನಿ ಹನಿ ಸೋರುತ್ತಿತ್ತು. ಮಾಡಿನ ಗಾಳಿಕಿಂಡಿಯ ಸುತ್ತ ಸಂದಿ ಮುಚ್ಚಲು ಹಾಕಿದ್ದ ಸೀಲಂಟ್ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಮೂರನೆಯದು ರಿವೆಟ್ ತೂತುಗಳು. ತಗಡು ಹೊಡೆಯುವಾಗ ಪೈಪಿಗೆ ಕೊರೆದ ಒಂದೊಂದು ತೂತೂ ಬಣ್ಣವಿಲ್ಲದ ಬರಿ ಕಬ್ಬಿಣ. ಒಳಗೆ ಹೋದ ನೀರಿಗೆ ಹೊರಗೆ ಬರಲು ಎಲ್ಲೂ ದಾರಿಯಿರಲಿಲ್ಲ. ಪೈಪಿನ ತಳದಲ್ಲಿ ಒಂದು ತೂತೂ ಇರಲಿಲ್ಲ.

ಇದರ ಮೇಲೆ ನಾನೇ ಮಾಡಿದ ಒಂದು ತಪ್ಪು. ಎರಡು ವರ್ಷ ಹಿಂದೆ ಬಸ್ಸಿನ ಹೊಟ್ಟೆಗೆಲ್ಲ ಡಾಂಬರಿನಂಥ ಕಪ್ಪು ಕೋಟಿಂಗ್ ಹೊಡೆಸಿದ್ದೆ. ತುಕ್ಕು ಉಜ್ಜಿ ತೆಗೆಯದೆ ಅದರ ಮೇಲೆಯೇ ಹೊಡೆದಿದ್ದರು. ನಾನೂ ನಿಂತು ನೋಡಿರಲಿಲ್ಲ. ಈಗ ಕಬ್ಬಿಣದ ಪಟ್ಟಿಯಿಂದ ಎಬ್ಬಿಸಿದರೆ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು. ಹಿಂಬದಿಯಲ್ಲಿ ತುಕ್ಕು ಅಂಟಿಕೊಂಡೇ ಬಂತು. ಆ ಕೋಟಿಂಗ್ ನೀರು ತಡೆಯಲಿಲ್ಲ, ಒಳಗೆ ಸಿಕ್ಕಿದ ನೀರನ್ನು ಹಿಡಿದಿಟ್ಟುಕೊಂಡಿತು. ಎಲ್ಲಕ್ಕಿಂತ ಹೆಚ್ಚಾಗಿ, ತುಕ್ಕನ್ನು ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟಿತು.

ಕೆಲಸ ಶುರುವಾಗುವ ಮುಂಚೆ ಮೇಸ್ತ್ರಿ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದರು. "ಚಾಸಿಯ ಉದ್ದ ಪಟ್ಟಿಗೆ ನಾನು ವೆಲ್ಡಿಂಗ್ ಮುಟ್ಟಿಸುದಿಲ್ಲ. ತೂತೂ ಹೊಡೆಯುದಿಲ್ಲ." ಅದು ಗಟ್ಟಿ ಜಾತಿಯ ಉಕ್ಕು. ಕಾಯಿಸಿದರೆ ಆ ಜಾಗ ತನ್ನ ಬಲ ಕಳೆದುಕೊಂಡು ಮುಂದೆ ಅಲ್ಲಿಯೇ ಬಿರುಕು ಬಿಡಬಹುದು. ಮುಖ್ಯವಾಗಿ ಚಾನೆಲಿನ ಮೇಲಿನ ಮತ್ತು ಕೆಳಗಿನ ಮಡಿಕೆ. ಭಾರವೆಲ್ಲ ಬೀಳುವುದು ಅಲ್ಲೇ. ಚಾಸಿಯೇ ಹೋಗಿದ್ದರೆ ಆ ಗಾಡಿ ಮಾಡಿದ ಕಂಪನಿಯ ವರ್ಕ್‌ಶಾಪನ್ನು ಕೇಳಿಯೇ ಮುಂದುವರಿಯಬೇಕು, ಬೀದಿ ಬದಿಯ ತೇಪೆ ಆಗುವುದಿಲ್ಲ. ಈ ಮಾತಿನಿಂದ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು.

ಮೊದಲು ಗ್ಯಾಸ್ ಸಿಲಿಂಡರ್ ಇಳಿಸಿದೆವು. ಬ್ಯಾಟರಿಯ ತಂತಿ ಕಳಚಿದೆವು. ಸೋಲಾರಿನ ವಯರುಗಳನ್ನೂ ಬಿಚ್ಚಿದೆವು. ಡೀಸೆಲ್ ಪೈಪಿನ ಹತ್ತಿರದ ಕೆಲಸ ಇರಲಿಲ್ಲ, ಆದರೂ ಅದಕ್ಕೆ ತಗಡಿನ ಅಡ್ಡ ಕೊಟ್ಟೆವು. ಜಾಕಿನ ಮೇಲೆ ಮಾತ್ರ ನಿಂತ ಬಸ್ಸಿನಡಿ ಯಾರೂ ಹೋಗಬಾರದು ಅಂತ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಬಸ್ಸಿನ ಬಾಡಿಯ ಕೆಳಗೆ ಮರದ ಊರುಗೋಲು ಕೊಟ್ಟೆವು. ಬಾಗಿಲಿನ ಚೌಕವನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದರೆ 14 ಮಿಲಿಮೀಟರ್ ವ್ಯತ್ಯಾಸ. ಜಾಕನ್ನು ಸ್ವಲ್ಪ ಸ್ವಲ್ಪವೇ ಎತ್ತಿ ಅದನ್ನು 2ಕ್ಕೆ ತಂದರು. ಆಮೇಲೆ ಚೌಕ ಅಲುಗದ ಹಾಗೆ ಒಂದು ಪಟ್ಟಿಯನ್ನು ಓರೆಯಾಗಿ ಬೆಸೆದು ಬಂಧಿಸಿದರು. ಅಷ್ಟಾದ ಮೇಲೆಯೇ ಕತ್ತರಿಸುವ ಕೆಲಸ. ಅದೂ ಒಂದು ಸಲಕ್ಕೆ ಒಂದೇ ತೊಲೆ. ಒಂದು ಕೂರಿಸಿ ಮುಗಿಯದೆ ಇನ್ನೊಂದನ್ನು ಮುಟ್ಟಲಿಲ್ಲ.

ಎಲ್ಲಿಯವರೆಗೆ ಕತ್ತರಿಸಬೇಕು ಅನ್ನುವುದರಲ್ಲಿ ನಮ್ಮಿಬ್ಬರಿಗೆ ಸಣ್ಣ ಚರ್ಚೆ ಆಯಿತು. ನನಗೆ ಆದಷ್ಟು ಹಳೆಯದನ್ನು ಉಳಿಸುವ ಆಸೆ. ಅವರು ಒಪ್ಪಲಿಲ್ಲ. ಹಳೆಯ ಬಟ್ಟೆಗೆ ತೇಪೆ ಹಾಕಿದರೆ ಹರಿಯುವುದು ತೇಪೆಯ ಅಂಚಿನಲ್ಲಿ ಅಲ್ವಾ? ಉಜ್ಜಿದಾಗ ಬೆಳ್ಳಗೆ ಹೊಳೆಯುವ, ಪೂರ್ತಿ ದಪ್ಪವಿರುವ ಕಬ್ಬಿಣ ಸಿಗುವವರೆಗೆ ಕತ್ತರಿಸಿದರು. ಜೋಡಿಸುವಲ್ಲಿ ಪೈಪಿನೊಳಗೆ ಕೂರುವ ಇನ್ನೊಂದು ಸಣ್ಣ ಪೈಪಿನ ತುಂಡು ತೂರಿಸಿ, ಅದರ ಮೇಲೆ ಹೊಸದನ್ನೂ ಹಳೆಯದನ್ನೂ ಸೇರಿಸಿ ಬೆಸೆದರು. ಸಿಓಟು ವೆಲ್ಡಿಂಗ್, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡುತ್ತಾ ತೆಳು ತಂತಿಯಿಂದ ಬೆಸೆಯುವುದು. 2 ಮಿಲಿಮೀಟರ್ ಪೈಪಿಗೆ ರಾಡ್ ವೆಲ್ಡಿಂಗ್ ಹಿಡಿದರೆ ತೂತು ಬೀಳುವ ಭಯ ಜಾಸ್ತಿ.

ಜಿಐ ಪೈಪು ಹಾಕೋಣ ಅಂತ ನಾನು ಹೇಳಿದ್ದೆ. ಸತುವಿನ ಲೇಪ ಇದ್ದರೆ ಒಳ್ಳೆಯದಲ್ಲವೇ? ಅದು ನಿಜ, ಆದರೆ ಬೆಸೆಯುವಲ್ಲಿ ಸತು ಸುಟ್ಟು ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದ ವೆಲ್ಡರ್‌ಗಳಿಗೆ ಸಂಜೆ ಚಳಿಜ್ವರ ಬರುವುದುಂಟು. ಲೇಪ ಉಜ್ಜಿ ತೆಗೆದೇ ಬೆಸೆಯಬೇಕು. ಆಗ ತುಕ್ಕು ಮೊದಲು ಹಿಡಿಯುವ ಜೋಡಣೆಯ ಜಾಗದಲ್ಲೇ ಸತು ಇಲ್ಲದಂತಾಗುತ್ತದೆ. ಹಾಗಾಗಿ ಸಾದಾ ಪೈಪನ್ನೇ ತಂದು, ಬೆಸೆಯುವ ತುದಿ ಬಿಟ್ಟು ಒಳಗೆಲ್ಲ ಪ್ರೈಮರ್ ಸುರಿದು ಉರುಳಿಸಿ ಒಣಗಿಸಿದೆವು.

ಬೋಟಿನ ಅಡಿಗೆ ಸತುವಿನ ತುಂಡು ಕಟ್ಟುತ್ತಾರಲ್ಲ, ಬಸ್ಸಿಗೂ ಕಟ್ಟಬಹುದಾ ಅಂತಲೂ ಕೇಳಿದೆ. ಮೇಸ್ತ್ರಿ ಹೇಳಿದರು: "ಬೋಟು ಯಾವಾಗಲೂ ನೀರಲ್ಲೇ ಇರ್ತದೆ ಮಾಷ್ಟ್ರೆ. ಸತು ಕೆಲಸ ಮಾಡ್ಲಿಕ್ಕೆ ಆ ನೀರು ಬೇಕು." ಹೌದು. ಸತುವನ್ನೂ ಕಬ್ಬಿಣವನ್ನೂ ಒಂದೇ ನೀರು ಸುತ್ತಿಕೊಂಡಿದ್ದರೆ ಮಾತ್ರ ಸತು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಗಾಳಿಯಲ್ಲಿ ನಿಂತ ಬಸ್ಸಿಗೆ ಆ ತುಂಡಿನಿಂದ ಏನೂ ಉಪಯೋಗವಿಲ್ಲ.

ಎರಡನೇ ದಿನ ಒಂದು ಅವಘಡ ಸ್ವಲ್ಪದರಲ್ಲಿ ತಪ್ಪಿತು. ಗೋಡೆಯೊಳಗೆ ಬಿಸಿಲು ತಡೆಯಲು ಥರ್ಮೋಕೋಲ್ ತುಂಬಿಸಿದ್ದೆವು. ಕಂಬದ ಬುಡ ಬೆಸೆಯುವಾಗ ಹಾರಿದ ಕಿಡಿಯೊಂದು ಅದರೊಳಗೆ ಹೋಗಿ ಕೂತಿತು. ಊಟಕ್ಕೆ ಏಳುವ ಹೊತ್ತು. ನನ್ನ ಹೆಂಡತಿ ಒದ್ದೆ ಗೋಣಿ ಹಿಡಿದು ಅಲ್ಲೇ ಕಾವಲಿಗೆ ನಿಂತಿದ್ದಳು. ತೆಳ್ಳಗೆ ಹೊಗೆ ಕಂಡದ್ದೇ ತಡ ಗೋಣಿ ಒತ್ತಿ ನೀರು ಸುರಿದಳು. ಆಮೇಲೆ ಅಲ್ಲಿಯ ಥರ್ಮೋಕೋಲ್ ಪೂರ್ತಿ ಕಿತ್ತೆವು. ಪ್ರತಿ ಸಲ ಕೊನೆಯ ಬೆಸುಗೆಯಾಗಿ ಅರ್ಧ ಗಂಟೆ ಯಾರಾದರೂ ಅಲ್ಲೇ ಕೂತಿರಬೇಕು ಅಂತ ಮಾಡಿಕೊಂಡೆವು.

ಬೆಸುಗೆ ನಾಲ್ಕು ದಿನದಲ್ಲಿ ಮುಗಿಯಿತು. ಬಣ್ಣಕ್ಕೆ ತಯಾರಿ ಮಾಡಲು ಆರು ದಿನ ಬೇಕಾಯಿತು. ತುಕ್ಕಿನ ಕೆಲಸ ನಿಲ್ಲುವುದೂ ಬೀಳುವುದೂ ಈ ಆರು ದಿನದಲ್ಲಿ ಅಂತ ನನಗೆ ಅನ್ನಿಸಿದೆ. ಉಳಿದ ಹಳೆಯ ಕಬ್ಬಿಣವನ್ನೆಲ್ಲ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿದೆವು. ಕಣ್ಣಿಗೆ ಕನ್ನಡಕ, ಮುಖಕ್ಕೆ ಮಾಸ್ಕ್ ಇಲ್ಲದೆ ಇದಕ್ಕೆ ಕೂರಬೇಡಿ, ಬ್ರಷ್ಷಿನ ತಂತಿ ಸೂಜಿಯ ಹಾಗೆ ಹಾರಿ ಬರುತ್ತದೆ. ಉಜ್ಜಿದ ಮೇಲೆ ಸಿಹಿನೀರಿನಲ್ಲಿ ಎರಡು ಸಲ ತೊಳೆದೆವು. ಕಣ್ಣಿಗೆ ಕಾಣದ ಉಪ್ಪು ಬಣ್ಣದಡಿ ಉಳಿದರೆ ಅದು ಬಣ್ಣದ ಮೂಲಕವೇ ನೀರೆಳೆದು ಗುಳ್ಳೆ ಎಬ್ಬಿಸುತ್ತದೆ. ಒಣಗಿದ ಮೇಲೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಲಿಲ್ಲ. ಕೈಯ ಬೆವರೂ ಉಪ್ಪೇ.

ಚಾಸಿಯ ಸಂದಿಗಳಲ್ಲಿ ಬ್ರಷ್ ಹೋಗದ ಕಡೆ ತುಕ್ಕು ಪರಿವರ್ತಕ ಹಚ್ಚಿದೆವು. ಫಾಸ್ಫಾರಿಕ್ ಆಮ್ಲ ಇರುವ ದ್ರವ ಅದು. ಕೆಂಪು ತುಕ್ಕು ಕಪ್ಪಾಗಿ ಗಟ್ಟಿ ಪದರವಾಗುತ್ತದೆ. ಆದರೆ ಅದು ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡ ತೆಳು ತುಕ್ಕಿಗೆ ಮಾತ್ರ. ಹಪ್ಪಳದ ಹಾಗೆ ಏಳುವ ತುಕ್ಕಿನ ಮೇಲೆ ಹಚ್ಚಿದರೆ ಮೇಲ್ಪದರ ಮಾತ್ರ ಕಪ್ಪಾಗುತ್ತದೆ, ಅಡಿಯಲ್ಲಿ ಅದರ ಕೆಲಸ ನಡೆದೇ ಇರುತ್ತದೆ.

ಪ್ರೈಮರಿಗೆ ಬಂದಾಗ ನಾನು ವಾಡಿಕೆಯ ರೆಡ್ ಆಕ್ಸೈಡ್ ಬಿಟ್ಟೆ. ಮನೆಯ ಗೇಟಿಗೆ ಅದು ಸಾಕು, ಉಪ್ಪುನೀರು ಎರಚುವ ಜಾಗಕ್ಕೆ ಸಾಲದು. ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ತಂದೆವು. ಬೆಳಿಗ್ಗೆ ಕಬ್ಬಿಣ ಇಬ್ಬನಿಗೆ ಒದ್ದೆಯಾಗಿರುತ್ತದೆ, ಮುಟ್ಟಿದರೆ ತಿಳಿಯುತ್ತದೆ. ಬಿಸಿಲೇರಿ ಹತ್ತೂವರೆಗೆ ಶುರು, ಮಧ್ಯಾಹ್ನ ಮೂರಕ್ಕೆ ಬಂದ್. ಮೊದಲು ಅಂಚು, ಮೂಲೆ, ಬೆಸುಗೆ, ಬೋಲ್ಟಿನ ತಲೆಗಳಿಗೆ ಸಣ್ಣ ಬ್ರಷ್ಷಿನಲ್ಲಿ ಹಚ್ಚಿದೆವು. ಅಂಚಿನಲ್ಲಿ ಬಣ್ಣ ತಾನಾಗಿ ಜಾರಿ ತೆಳುವಾಗುತ್ತದೆ, ತುಕ್ಕು ಮೊದಲು ಹಿಡಿಯುವುದೂ ಅಲ್ಲೇ. ಆಮೇಲೆ ಎಲ್ಲಕ್ಕೂ ಎರಡು ಕೈ ಪ್ರೈಮರ್, ಮೇಲೊಂದು ಕೈ ಬಣ್ಣ. ಬಣ್ಣ ಬೂದು ಇರಲಿ ಅಂತ ಹಟ ಹಿಡಿದೆ. ಕಪ್ಪಿನ ಮೇಲೆ ತುಕ್ಕು ಕಾಣುವುದಿಲ್ಲ, ಬೂದು ಬಣ್ಣದ ಮೇಲೆ ಒಂದು ಚುಕ್ಕೆ ಬಂದರೂ ಎದ್ದು ಕಾಣುತ್ತದೆ.

ಅಲ್ಯೂಮಿನಿಯಂ ತಗಡು ಕಬ್ಬಿಣಕ್ಕೆ ನೇರವಾಗಿ ತಾಗಿದ್ದಲ್ಲೆಲ್ಲ ಬಿಳಿ ಪುಡಿ ಎದ್ದಿತ್ತು. ಎರಡು ಲೋಹ, ನಡುವೆ ಉಪ್ಪುನೀರು. ಅಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಈ ಸಲ ನಡುವೆ ರಬ್ಬರಿನಂಥ ಅಂಟುಪಟ್ಟಿ, ಬ್ಯುಟೈಲ್ ಟೇಪ್ ಕೊಟ್ಟು, ಒಂದೊಂದು ರಿವೆಟನ್ನೂ ಸೀಲಂಟಿನಲ್ಲಿ ಅದ್ದಿ ಹೊಡೆದೆವು.

ಕೊನೆಗೆ ಪೈಪಿನ ಒಳಗು. ಬಣ್ಣಕ್ಕೆ ಮುಂಚೆಯೇ ಪ್ರತಿ ಪೈಪಿನ ತಗ್ಗಿನ ತುದಿಯಲ್ಲಿ 8 ಮಿಲಿಮೀಟರಿನ ತೂತು ಕೊರೆದು ಅಂಚು ಉಜ್ಜಿಸಿದ್ದೆ. ಬಾಡಿಯ ಪೈಪಿಗೆ ಮಾತ್ರ, ಚಾಸಿಗಲ್ಲ. ಬೆಸುಗೆಯ ಬಿಸಿಗೆ ಒಳಗಿನ ಪ್ರೈಮರ್ ಸುಟ್ಟಿರುತ್ತದೆ, ಅಲ್ಲಿಗೆ ಇನ್ನು ಬ್ರಷ್ ಹೋಗುವುದಿಲ್ಲ. ಅದಕ್ಕೆ ಮೇಣ. ತೆಳುವಾದ ಮೇಣದ ದ್ರವವನ್ನು ಉದ್ದ ನಳಿಗೆಯಲ್ಲಿ ಪೈಪಿನ ಆಚೆ ತುದಿಯವರೆಗೆ ತೂರಿಸಿ, ಸುತ್ತಲೂ ಚಿಮ್ಮಿಸುತ್ತಾ ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಅದು ಬಿರುಕಿನೊಳಗೆ, ಬೆಸುಗೆಯ ಹಿಂದೆ ಇಳಿಯುತ್ತದೆ, ಒಣಗಿ ಬಿರಿಯುವುದಿಲ್ಲ. ಕೆಳಗಿನ ತೂತಿನಿಂದ ಜೇನಿನ ಹಾಗೆ ತೊಟ್ಟಿಕ್ಕಲು ಶುರುವಾದರೆ ಆ ಪೈಪು ಆಯಿತು ಅಂತ ಲೆಕ್ಕ. ಮೇಣಕ್ಕೆ ಬೆಂಕಿ ಹಿಡಿಯುತ್ತದೆ. ಮುಂದೆ ಯಾರಾದರೂ ತಿಳಿಯದೆ ವೆಲ್ಡಿಂಗ್‌ಗೆ ಕೂರಬಾರದಲ್ಲ, ಅದಕ್ಕೆ ಹಿಂದಿನ ತೊಲೆಯ ಮೇಲೆ ಬಿಳಿ ಬಣ್ಣದಲ್ಲಿ ತಾರೀಕಿನ ಜೊತೆ ಬರೆಸಿದ್ದೇನೆ: 'ಒಳಗೆ ಮೇಣ ಇದೆ, ಬೆಂಕಿ ಬೇಡ'.

ಈಗ ಸಮುದ್ರದ ಕಡೆ ಹೋಗಿ ಬಂದ ಮರುದಿನ ಅಂಗಳದಲ್ಲಿ ಬಸ್ಸಿನ ಹೊಟ್ಟೆ ತೊಳೆಯುತ್ತೇನೆ. ಬಾವಿಯ ನೀರು, ಸಾದಾ ಪೈಪು. ಗಾಲಿಯ ಅಂಚಿನ ಕೆಸರಿಗೆ ಕೈ ಹಾಕಿ ತೆಗೆಯುತ್ತೇನೆ. ಮೊದಲು ಹುಲ್ಲಿನ ಮೇಲೆ ನಿಲ್ಲಿಸುತ್ತಿದ್ದೆವು, ಈಗ ಕೆಂಪುಕಲ್ಲು ಹಾಸಿದ ಜಾಗ. ಟಾರ್ಪಾಲಿನ್ ಬಿಗಿದು ಮುಚ್ಚುವುದನ್ನೂ ಬಿಟ್ಟೆವು. ಅದರಡಿ ಹಬೆ ನಿಂತು ಒಳಗೆಲ್ಲ ಬೆವರುತ್ತಿತ್ತು. ಮೇ ತಿಂಗಳಲ್ಲಿ ಮಾಡಿನ ಸೀಲಂಟ್ ನೋಡುವುದು ನನ್ನ ಹೆಂಡತಿಯ ಕೆಲಸ. ಸುತ್ತಿಗೆ ಹಿಡಿದು ಅಡಿಗೆ ಹೋಗುವುದು ನನ್ನದು.

ಜೂನಿನಲ್ಲಿ ಮೊದಲ ದೊಡ್ಡ ಮಳೆ ರಾತ್ರಿಯಿಡೀ ಹೊಡೆಯಿತು. ಬೆಳಿಗ್ಗೆ ಕೊಡೆ ಹಿಡಿದು ಹೋಗಿ ಬಸ್ಸಿನಡಿ ಬಗ್ಗಿದೆ. ತೂತುಗಳಿಂದ ನೀರು ಹನಿಯುತ್ತಿತ್ತು. ಎಡಗಡೆಯ ಮೂರನೆಯದರಿಂದ ಮಾತ್ರ ಬರಲಿಲ್ಲ. ಹೆಂಡತಿ ಒಳಗಿನಿಂದ ಸೈಕಲ್ ಕಡ್ಡಿ ತಂದುಕೊಟ್ಟಳು. ಚುಚ್ಚಿದರೆ ಮೇಣದ ಒಂದು ಗೋಲಿ ಬಿತ್ತು, ಹಿಂದೆಯೇ ನೀರು ಬಂತು. ಅಂಗೈ ಒಡ್ಡಿ ಹಿಡಿದೆ. ಬಣ್ಣವಿರಲಿಲ್ಲ.